ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾ ಎಲ್ಲಿರಬೇಕು?

ಬಂಗಾರಪೇಟೆ ರೈಲು ನಿಲ್ದಾಣದಿಂದ ಆರೇಳು ಕಿಲೋಮೀಟರ್ ದೂರದ ಒಂದು ಹಳ್ಳಿ. 1994ರ ವೈಶಾಖ ಮಾಸ. ಮನೆಯ ಮುಂದೆ ಹಸಿ ತೆಂಗಿನಗರಿಯ ಚಪ್ಪರ, ಅದರಡಿ ಮದುವೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೊ ಒಂದರಲ್ಲಿ ಸಹಾಯಕನಾಗಿದ್ದ ನನಗೆ ಮದುವೆಯೊಂದರ ಚಿತ್ರ ತೆಗೆಯುವ ಹೊಣೆ ಅಂದು ಮೊದಲ ಬಾರಿಗೆ ದೊರೆತಿತ್ತು. ಸ್ಟುಡಿಯೊದ ಯಜಮಾನರು ಬೆನ್ನು ನೋವೆಂದು ಮೂಲೆಯ ಕುರ್ಚಿಯಲ್ಲಿ ಕುಳಿತು ನನ್ನನ್ನು ಗಮನಿಸುತ್ತಿದ್ದರು. ಒಂದು ರೀಲಿಗೆ ಮೂವತ್ತಾರು ಚಿತ್ರ. ಇಡೀ ಮದುವೆಗೆ ಮೂರು ರೀಲು. ಒಂದು ಸಲ ಬೆಳಗಿದ ಫ್ಲ್ಯಾಷ್ ಮತ್ತೆ ಸಜ್ಜಾಗಲು ಕೆಲವು ಕ್ಷಣ ಕಾಯಬೇಕು. ಹೀಗಿರುವಾಗ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕಾಚಾರವೇ ಛಾಯಾಗ್ರಾಹಕನ ಅರ್ಧ ವಿದ್ಯೆ.

ನನ್ನ ಲೆಕ್ಕ ಸರಳವಾಗಿತ್ತು. ಮದುವೆ ಎಂದರೆ ತಾಳಿ. ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾದಲ್ಲಿ ಹೊಸ ರೀಲು ಇರಬೇಕು. ಪುರೋಹಿತರು ವಧೂವರರ ನಡುವೆ ಅಂತರಪಟ ಹಿಡಿಸಿ ಮಂತ್ರ ಹೇಳುತ್ತಿದ್ದಾಗ, ಇನ್ನೂ ಸಮಯವಿದೆ ಎಂದುಕೊಂಡು ಚಪ್ಪರದ ಕಂಬಕ್ಕೆ ಒರಗಿ ಹಳೆಯ ರೀಲು ಬಿಚ್ಚತೊಡಗಿದೆ. ಥಟ್ಟನೆ ಗಟ್ಟಿಮೇಳ ಮೊಳಗಿತು. ಅಕ್ಷತೆ ಹಾರಿತು. ತಲೆ ಎತ್ತಿ ನೋಡಿದರೆ ವಧೂವರರು ಪರಸ್ಪರರ ನೆತ್ತಿಯ ಮೇಲೆ ಕೈಯಿಟ್ಟು ಕುಳಿತಿದ್ದಾರೆ; ಅಂತರಪಟ ಸರಿದಿದೆ; ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನ್ನ ಕೈಯಲ್ಲಿ ಬಾಯಿ ತೆರೆದ ಕ್ಯಾಮೆರಾ.

ಕೋಲಾರ ಜಿಲ್ಲೆಯ ಅನೇಕ ಮನೆಗಳಂತೆ ಅದೂ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಮಾತನಾಡುವ ಮನೆ. ಆ ಸಂಪ್ರದಾಯದಲ್ಲಿ ಸುಮುಹೂರ್ತದ ಕ್ಷಣವೆಂದರೆ ತಾಳಿ ಕಟ್ಟುವುದಲ್ಲ. ವೀಳ್ಯದೆಲೆಯಲ್ಲಿಟ್ಟ ಜೀರಿಗೆ ಬೆಲ್ಲದ ಮುದ್ದೆಯನ್ನು ವಧೂವರರು ಒಬ್ಬರ ತಲೆಯ ಮೇಲೊಬ್ಬರು ಇಡುವುದು. ತಾಳಿ ಅದರ ಅನಂತರ. ಇದನ್ನು ತಿಳಿಯದೆ ನಾನು ಆ ಮದುವೆಯನ್ನೇ ಕಳೆದುಕೊಂಡಿದ್ದೆ. ಯಜಮಾನರು ಎದ್ದು ಬಂದು ಮದುಮಗಳ ಅಜ್ಜಿಗೆ ಕೈಮುಗಿದು, ಇನ್ನೊಮ್ಮೆ ತಲೆಯ ಮೇಲೆ ಕೈ ಇಟ್ಟರೆ ಒಂದು ಚಿತ್ರ ತೆಗೆದುಕೊಳ್ಳುತ್ತೇವೆಂದು ಬೇಡಿಕೊಂಡರು. ಆಕೆ ಕೋಪಿಸಿಕೊಳ್ಳಲಿಲ್ಲ. ‘ಮುಹೂರ್ತ ಹೋಯಿತಪ್ಪ, ನಿಮ್ಮ ಫೋಟೊಗಾಗಿ ಅದು ತಿರುಗಿ ಬರುತ್ತದೆಯೇ?’ ಎಂದಷ್ಟೇ ಹೇಳಿ ಆರತಿ ತಟ್ಟೆ ಎತ್ತಿಕೊಂಡು ಹೋದರು. ಮದುವೆಯನ್ನು ನಿಲ್ಲಿಸುವ, ತಿರುಗಿಸುವ ಅಧಿಕಾರ ಕ್ಯಾಮೆರಾಕ್ಕೆ ಇಲ್ಲ ಎಂಬ ಪಾಠ ನನಗೆ ಆ ದಿನ ದೊರೆಯಿತು. ಆಮೇಲಿನ ವರ್ಷಗಳಲ್ಲಿ ಆ ಪಾಠ ಎಲ್ಲರಿಗೂ ಮರೆತೇ ಹೋಯಿತೇನೋ ಎಂಬ ಅನುಮಾನದಿಂದ ಈ ಲೇಖನ ಬರೆಯುತ್ತಿದ್ದೇನೆ.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಮದುವೆಯ ಛಾಯಾಗ್ರಾಹಕನಾಗುವುದು ಸುಲಭದ ಕೆಲಸವಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಗಣಿಗಾರಿಕೆಯ ಆಡಳಿತ ವಹಿಸಿಕೊಂಡ ಮೇಲೆ ಈ ಬೋಳು ಬಯಲಿಗೆ ಜನ ಹರಿದು ಬಂದರು. ಆರ್ಕಾಟಿನ ಕಡೆಯಿಂದ ಬಂದ ತಮಿಳು ಕಾರ್ಮಿಕರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು, ಉರ್ದು ಮಾತನಾಡುವ ಮುಸ್ಲಿಮರು, ಮೇಲ್ವಿಚಾರಣೆಗೆ ನಿಂತ ಆಂಗ್ಲೋ ಇಂಡಿಯನ್ನರು, ಬಡ್ಡಿ ಮತ್ತು ಒಡವೆ ವ್ಯಾಪಾರಕ್ಕೆ ಬಂದ ಮಾರ್ವಾಡಿಗಳು ಒಂದೇ ಊರಿನವರಾದರು. ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಹದಿನಾರು ಕಿಲೋಮೀಟರ್ ರೈಲು ಮಾರ್ಗ 1894ರಲ್ಲಿ ತೆರೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಗೆ ಬಂದಿತು. ರೈಲು ನೆಂಟರನ್ನು ತಂದಿತು, ವಿದ್ಯುತ್ತು ಬೆಳಕನ್ನು ತಂದಿತು. ಸ್ಟುಡಿಯೊಗಳು ಹುಟ್ಟಿಕೊಳ್ಳಲು ಇನ್ನೇನು ಬೇಕು?

ಹೀಗಾಗಿ ಒಂದೇ ವಾರದಲ್ಲಿ ಐದು ಬಗೆಯ ಮದುವೆಗೆ ಹೋಗುವ ಛಾಯಾಗ್ರಾಹಕನಿಗೆ ಐದು ಬಗೆಯ ಜ್ಞಾನ ಬೇಕಾಗಿತ್ತು. ಕನ್ನಡದ ಮನೆಯಲ್ಲಿ ಧಾರೆಯ ನೀರು ವಧೂವರರ ಜೋಡಿಸಿದ ಕೈಗಳ ಮೇಲೆ ಬೀಳುವಾಗ ಕ್ಯಾಮೆರಾ ಕೆಳಮಟ್ಟದಲ್ಲಿ, ಕಲಶದ ಸಮೀಪ ಇರಬೇಕು. ತೆಲುಗಿನ ಮನೆಯಲ್ಲಿ ಅಂತರಪಟ ಸರಿಯುವ ಕ್ಷಣಕ್ಕೆ ಪಕ್ಕದಲ್ಲಿ ನಿಂತಿರಬೇಕು. ಎರಡು ಮುಖಗಳೂ ಒಟ್ಟಿಗೆ ಕಾಣುವುದು ಅಲ್ಲಿಂದ ಮಾತ್ರ. ತಮಿಳರ ಮನೆಯಲ್ಲಿ ತಾಳಿಯ ಮೂರು ಗಂಟುಗಳಲ್ಲಿ ಮೊದಲನೆಯದು ವರನದು. ಉಳಿದವನ್ನು ಆತನ ಸೋದರಿ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಆದ್ದರಿಂದ ಮದುಮಗಳ ಹಿಂದೆ ದೀಪ ಹಿಡಿದು ನಿಂತ ನಾದಿನಿಯನ್ನು ಚೌಕಟ್ಟಿನಿಂದ ಹೊರಗೆ ತಳ್ಳುವಂತಿಲ್ಲ. ತಮಿಳು ಕ್ರೈಸ್ತರ ಮದುವೆಯಲ್ಲಿ ಉಂಗುರದ ಜೊತೆಗೆ ತಾಳಿಯೂ ಉಂಟು. ಆದರೆ ಪೂಜಾಪೀಠದ ಹತ್ತಿರ ಫ್ಲ್ಯಾಷ್ ಬೆಳಗಿಸುವ ಮುನ್ನ ಪಾದ್ರಿಗಳ ಅನುಮತಿ ಪಡೆಯಬೇಕು. ಮುಸ್ಲಿಮರ ನಿಕಾಹ್‌ದಲ್ಲಿ ವಧುವಿನ ಒಪ್ಪಿಗೆ ಮತ್ತು ಸಹಿ ಅನೇಕ ಮನೆಗಳಲ್ಲಿ ಒಳಕೋಣೆಯಲ್ಲಿ ನಡೆಯುತ್ತದೆ. ಅಲ್ಲಿಗೆ ಪರಗಂಡಸಿಗೆ ಪ್ರವೇಶವಿಲ್ಲ. ಮದುವೆಯ ಅತಿ ಮುಖ್ಯವಾದ ಮಾತು ಚಿತ್ರವಿಲ್ಲದೆಯೇ ಮುಗಿದು ಹೋಗುತ್ತಿತ್ತು. ಹೆಣ್ಣುಮಕ್ಕಳು ಈ ವೃತ್ತಿಗೆ ಬಂದ ಮೇಲಷ್ಟೇ ಆ ಬಾಗಿಲು ಸ್ವಲ್ಪ ತೆರೆದಿದೆ.

ಇವುಗಳ ಜೊತೆಗೆ ಚಿನ್ನದ ಗಣಿಗೇ ವಿಶಿಷ್ಟವೆನ್ನಬಹುದಾದ ಮತ್ತೊಂದು ಮದುವೆಯೂ ಇತ್ತು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಷ್ಟು ಹಿಂದೆಯೇ ಮಾರಿಕುಪ್ಪಂನಲ್ಲಿ ಬೇರೂರಿತ್ತು. 1914ರಲ್ಲಿ ಅವರು ತೀರಿಕೊಂಡ ಮೇಲೂ ಗಣಿ ಕಾರ್ಮಿಕರ ಬೆಂಬಲದಿಂದ ಇಲ್ಲಿ ಬೌದ್ಧ ಪುಸ್ತಕಗಳು ಅಚ್ಚಾದವು. ಡಾ. ಅಂಬೇಡ್ಕರ್ ಅವರು 1956ರಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಅರ್ಧ ಶತಮಾನ ಮೊದಲೇ ಗಣಿಯ ದಲಿತರು ಬುದ್ಧನನ್ನು ಅರಸಿ ಹೋಗಿದ್ದರು. ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ಹಾರ ಬದಲಾಯಿಸಿಕೊಳ್ಳುವ ಬೌದ್ಧ ಮದುವೆಯಲ್ಲಿ ಹೋಮದ ಹೊಗೆ ಇಲ್ಲ, ಪಂಚಾಂಗದ ಅವಸರವಿಲ್ಲ. ಕನ್ನಡದ ಓದುಗರಿಗೆ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ಗೊತ್ತು; 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ಕ್ರಮದಲ್ಲೇ ನಡೆಯಿತು. ಸರಳ ಮದುವೆಯ ಆಲೋಚನೆ ಮಲೆನಾಡಿನಲ್ಲಿ ಕವಿಯ ಮನೆಯಿಂದ ಹೊರಟರೆ, ಚಿನ್ನದ ಗಣಿಯಲ್ಲಿ ಕಾರ್ಮಿಕರ ಸಾಲುಮನೆಗಳಿಂದ ಹೊರಟಿತು. ಇಂಥ ಮದುವೆಗಳ ಚಿತ್ರಗಳು ಎಷ್ಟು ಉಳಿದಿವೆಯೋ ಅಷ್ಟೂ ನಮ್ಮ ಸಾಮಾಜಿಕ ಚರಿತ್ರೆಯ ದಾಖಲೆಗಳೇ. ಯಾವ ಗೆಜೆಟಿಯರ್ ಕೂಡ ಅವನ್ನು ಅಷ್ಟು ಸ್ಪಷ್ಟವಾಗಿ ಹೇಳಲಾರದು.

ಹಳೆಯ ಕಾಲದ ಗಣಿ ಕಾರ್ಮಿಕನ ಮನೆಯಲ್ಲಿ ಚಿತ್ರವೆಂದರೆ ಒಂದೇ ಒಂದು. ಸ್ಟುಡಿಯೊಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ, ಗಂಡ ಕುರ್ಚಿಯಲ್ಲಿ ಕುಳಿತು, ಹೆಂಡತಿ ಭುಜದ ಹಿಂದೆ ನಿಂತು ತೆಗೆಸಿಕೊಂಡದ್ದು. ಅದು ನೆನಪಿಗಿಂತ ಹೆಚ್ಚಾಗಿ ಸಾಕ್ಷಿ. ಊರಿನಲ್ಲಿರುವ ತಾಯಿತಂದೆಗೆ ಅಂಚೆಯಲ್ಲಿ ಕಳುಹಿಸುವ ಸಾಕ್ಷಿ. ಇಂದಿಗೂ ವಿವಾಹ ನೋಂದಣಿಯ ಅರ್ಜಿಗೆ ಮದುವೆಯ ಚಿತ್ರ ಲಗತ್ತಿಸುತ್ತೇವಲ್ಲ, ಆ ಉಪಯೋಗವೇ ಛಾಯಾಚಿತ್ರದ ಮೊದಲ ಉಪಯೋಗವಾಗಿತ್ತು. ಕಪ್ಪು ಬಿಳುಪಿನ ಕಾಲದಲ್ಲಿ ನಮ್ಮ ಸ್ಟುಡಿಯೊಗಳಿಗೆ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮು, ಕಾಗದಗಳೇ ಆಧಾರ. 1960ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಉದ್ಯಮವೂ ನಮ್ಮ ಗಣಿಯಂತೆಯೇ ಕಾಲದ ಪೆಟ್ಟಿಗೆ ಸಿಕ್ಕಿ ಮುಚ್ಚಿತು.

ನಮ್ಮ ಯಜಮಾನರು ಕತ್ತಲ ಕೋಣೆಯಲ್ಲಿ ಕೆಲಸ ಮಾಡುತ್ತ ಒಂದು ಸಂಗತಿ ಹೇಳುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಅಷ್ಟು ಆಳದಲ್ಲಿ ಬಂಡೆ ತನ್ನ ಮೇಲಿನ ಒತ್ತಡ ತಾಳಲಾರದೆ ಸಿಡಿಯುತ್ತಿತ್ತು. ನೆಲದ ಮೇಲಿನ ಮನೆಗಳ ಪಾತ್ರೆಗಳೂ ಅದುರುತ್ತಿದ್ದವು. ಸಿಡಿತಕ್ಕೆ ಸಿಕ್ಕವರು ಕೆಲವರು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ನಡುವಯಸ್ಸಿಗೇ ತೀರಿಕೊಂಡವರು ಹಲವರು. ಸಾವಿನ ಮಾರನೆಯ ದಿನ ಯಾರೋ ಒಬ್ಬರು ಮದುವೆಯ ಚಿತ್ರ ಹಿಡಿದು ಸ್ಟುಡಿಯೊಗೆ ಬರುತ್ತಿದ್ದರಂತೆ. ಮನೆಯಲ್ಲಿ ಇರುವ ಚಿತ್ರ ಅದೊಂದೇ. ಅದರಲ್ಲಿ ಗಂಡನ ಮುಖವನ್ನಷ್ಟೇ ಬೇರ್ಪಡಿಸಿ, ದೊಡ್ಡದು ಮಾಡಿ, ಹಾರ ಹಾಕಲು ಪಟ ಮಾಡಿಕೊಡಬೇಕು. ‘ಹೆಂಡತಿಯ ಬೆರಳು ಅವನ ಹೆಗಲ ಮೇಲೆ ಇದ್ದೇ ಇರುತ್ತಿತ್ತು. ಅದನ್ನು ಕುಂಚದಿಂದ ಅಳಿಸುವುದೇ ನನಗೆ ಕಷ್ಟದ ಕೆಲಸವಾಗಿತ್ತು’ ಎನ್ನುತ್ತಿದ್ದರು ಯಜಮಾನರು. ಮದುವೆಯ ಚಿತ್ರವನ್ನು ಹಗುರವಾಗಿ ತೆಗೆಯಬಾರದೆಂಬ ಅವರ ಹಟ ಬಹುಶಃ ಅಲ್ಲಿಂದಲೇ ಬಂದದ್ದು. ವರನ ಮುಖ ಸ್ಪಷ್ಟವಾಗಿರಬೇಕು, ಹೂವಿನ ಬಾಸಿಂಗ ಕಣ್ಣಿಗೆ ಅಡ್ಡ ಬರಬಾರದು ಎಂದು ಅವರು ನೂರು ಸಲ ಹೇಳುತ್ತಿದ್ದರು.

ಚಿನ್ನದ ನಾಡಿನ ಮದುವೆಯಲ್ಲಿ ಚಿನ್ನ ಎಷ್ಟಿತ್ತು ಎಂಬ ಪ್ರಶ್ನೆ ಹೊರಗಿನವರಿಗೆ ಬರುವುದು ಸಹಜ. ಹಳೆಯ ಚಿತ್ರಗಳನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಈ ಗಣಿಗಳು ತಮ್ಮ ಜೀವಿತಾವಧಿಯಲ್ಲಿ ಸುಮಾರು 800 ಟನ್ ಚಿನ್ನವನ್ನು ನೆಲದಿಂದ ಎತ್ತಿದವು. ಅದನ್ನು ಎತ್ತಿದವನ ಹೆಂಡತಿಯ ಕೊರಳಲ್ಲಿ ಅರಿಶಿನದ ದಾರ, ಅದರ ತುದಿಯಲ್ಲಿ ಗುಂಜಿ ತೂಕದ ತಾಳಿ. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನನ್ನು ಮೈ ತಡಕಿ ಹೊರಗೆ ಬಿಡುತ್ತಿದ್ದ ಊರಿನಲ್ಲಿ, ಮಗಳ ಮದುವೆಗೆ ಬೇಕಾದ ಚಿನ್ನವನ್ನು ಸಾಲ ಮಾಡಿ ಅಂಗಡಿಯಿಂದ ತರಬೇಕಾಗಿತ್ತು. ಚಿತ್ರದಲ್ಲಿ ಕಾಣುವ ಸರ ಎಷ್ಟೋ ಸಲ ಅಕ್ಕನದು, ಅತ್ತಿಗೆಯದು. ಮೂರನೆಯ ದಿನ ಹಿಂದಿರುಗುವಂಥದ್ದು. ಸ್ಟುಡಿಯೊಗಳಲ್ಲಿಯೂ ಗಿಲೀಟಿನ ಸರ, ಕೋಟು, ಕೈಗಡಿಯಾರಗಳನ್ನು ಇಟ್ಟಿರುತ್ತಿದ್ದರು. ಚಿತ್ರ ಸುಳ್ಳು ಹೇಳಿತೆಂದು ನಾನು ಹೇಳಲಾರೆ. ಬಾಳಿನಲ್ಲಿ ಒಂದು ದಿನವಾದರೂ ಹೀಗಿರಬೇಕು ಎಂಬ ಆಸೆಯನ್ನು ಅದು ನಿಜವಾಗಿಯೇ ದಾಖಲಿಸಿದೆ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ಏನಾಯಿತೆಂಬುದು ಬೆಳಗಿನ ಜಾವ ಮಾರಿಕುಪ್ಪಂ ನಿಲ್ದಾಣದಲ್ಲಿ ನಿಂತವರಿಗೆ ಗೊತ್ತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಬೆಂಗಳೂರಿನ ಅಂಗಡಿ, ಕಚೇರಿ, ಕಾರ್ಖಾನೆಗಳಿಗೆ ರೈಲು ಹಿಡಿಯುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ಹಿಂದಿರುಗದೆ ಅಲ್ಲೇ ನೆಲೆಸಿದವರೂ ಅಸಂಖ್ಯ. ಶಾಫ್ಟಿನ ಗೋಪುರಗಳು ತುಕ್ಕು ಹಿಡಿದವು. ಕಂಪನಿ ಬಂಗಲೆಗಳ ಹೆಂಚು ಕಳಚಿತು. ಈಗ ಹಳೆಯ ಮದುವೆ ಆಲ್ಬಮ್‌ಗಳನ್ನು ತೆರೆದರೆ ಕಣ್ಣು ಮೊದಲು ಹೋಗುವುದು ವಧೂವರರ ಕಡೆಗಲ್ಲ, ಹಿನ್ನೆಲೆಯ ಕಡೆಗೆ. ತಟ್ಟಿ ಗೋಡೆಯ ಸಾಲುಮನೆ, ನೀರಿಗಾಗಿ ಸಾಲುಗಟ್ಟಿದ ಕೊಡಗಳು, ಮೆರವಣಿಗೆಯ ಹಿಂದೆ ತಿರುಗುತ್ತಿರುವ ಶಾಫ್ಟಿನ ಚಕ್ರ, ಸೈನೈಡ್ ಗುಡ್ಡದಿಂದ ಗಾಳಿಗೆ ಎದ್ದು ವರನ ಕಪ್ಪು ಕೋಟಿನ ಮೇಲೆ ಕೂತ ಬಿಳಿ ಧೂಳು. ಅಂದು ಇವನ್ನೆಲ್ಲ ಚಿತ್ರದ ದೋಷವೆಂದು ಭಾವಿಸಿ ಅಂಚನ್ನು ಕತ್ತರಿಸುತ್ತಿದ್ದೆವು. ಕತ್ತರಿಸದೆ ಉಳಿದ ಅಂಚುಗಳಲ್ಲೇ ಇಂದು ಊರು ಉಳಿದಿದೆ.

ನೆಲೆ ಕಳೆದುಕೊಂಡ ಜನಕ್ಕೆ ಮದುವೆಯೇ ಊರಾಗುವುದು ನಮ್ಮಲ್ಲಷ್ಟೇ ಅಲ್ಲ. ಲಾವೋಸ್, ವಿಯೆಟ್ನಾಂ, ದಕ್ಷಿಣ ಚೀನಾದ ಬೆಟ್ಟಗಳಲ್ಲಿ ವಾಸಿಸುವ ಹ್ಮಾಂಗ್ ಜನರಲ್ಲಿ ಅನೇಕರು 1975ರ ನಂತರ ಯುದ್ಧದ ಪರಿಣಾಮವಾಗಿ ಲಾವೋಸ್ ತೊರೆದು ಥಾಯ್ಲೆಂಡಿನ ಶಿಬಿರಗಳ ಮೂಲಕ ಅಮೆರಿಕದ ಮಿನ್ನೆಸೋಟ, ಕ್ಯಾಲಿಫೋರ್ನಿಯಾಗಳನ್ನು ಸೇರಿದರು. ಅವರ ಮದುವೆಯಲ್ಲಿ ಪುರೋಹಿತನಿಗಿಂತ ಮುಖ್ಯರಾದವರು ಎರಡೂ ಕಡೆಯ ಸಂಧಾನಕಾರರು. ಮೇಜಿನ ಎರಡು ಬದಿಗೆ ಕುಳಿತು, ಹಾಡಿನ ಮೂಲಕವೂ ಮಾತಿನ ಮೂಲಕವೂ ಅವರು ವಧುದಕ್ಷಿಣೆಯನ್ನೂ ಎರಡು ಕುಲಗಳ ನಡುವಿನ ಹೊಣೆಗಳನ್ನೂ ತೀರ್ಮಾನಿಸುತ್ತಾರೆ. ಪಟ್ಟೆಯ ಬಟ್ಟೆ ಸುತ್ತಿದ ಒಂದು ಕಪ್ಪು ಕೊಡೆ ಆ ಮದುವೆಯ ಕುರುಹು. ನಮ್ಮ ಕಾಶಿಯಾತ್ರೆಯ ಕೊಡೆಯನ್ನು ನೆನಪಿಸುವ ಅದನ್ನು ಕೇವಲ ಅಲಂಕಾರವೆಂದು ತಿಳಿದ ಛಾಯಾಗ್ರಾಹಕ, ಹೊಳೆಯುವ ಬೆಳ್ಳಿಯ ಕಂಠಹಾರಗಳನ್ನು ಮಾತ್ರ ತೆಗೆದು ಬರುತ್ತಾನೆ. ಮದುವೆಯನ್ನು ಬಿಟ್ಟು ಬರುತ್ತಾನೆ. ಜೀರಿಗೆ ಬೆಲ್ಲವನ್ನು ಬಿಟ್ಟು ಬಂದ ನನ್ನ ಹಾಗೆ. ಶಿಬಿರಗಳಲ್ಲಿದ್ದಾಗ ಹ್ಮಾಂಗ್ ಹೆಂಗಸರು ತಮ್ಮ ಹಳ್ಳಿಯ ಬದುಕನ್ನು, ಪಲಾಯನವನ್ನು ಬಟ್ಟೆಯ ಮೇಲೆ ಚಿತ್ರವಾಗಿ ಕಸೂತಿ ಹಾಕಿದರು. ಆ ಕಥಾವಸ್ತ್ರಗಳು ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿವೆ. ನಮ್ಮ ಗಣಿಯ ಕಥೆಯೂ ಹಾಗೆಯೇ ಹರಡಿಕೊಂಡಿದೆ; ಟ್ರಂಕುಗಳ ತಳದ ಆಲ್ಬಮ್‌ಗಳಲ್ಲಿ.

ಈಗಿನ ಮದುವೆಗೆ ಬರೋಣ. ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಇತ್ತೀಚೆಗೆ ನೆಂಟರ ಮದುವೆಗೆ ಹೋಗಿದ್ದೆ. ವೇದಿಕೆಯ ಮೇಲೆ ಮೂವರು ಸ್ಥಿರಚಿತ್ರದವರು, ಇಬ್ಬರು ವಿಡಿಯೊದವರು, ದೀಪ ಹಿಡಿದ ಹುಡುಗರು. ತಲೆಯ ಮೇಲೆ ಗುಂಯ್‌ಗುಡುವ ಡ್ರೋನ್. ಕೆಳಗೆ ಕುಳಿತ ಮುನ್ನೂರು ಜನರಿಗೆ ಕಂಡದ್ದು ಆ ಛಾಯಾಗ್ರಾಹಕರ ಬೆನ್ನುಗಳು. ಮದುವೆಯನ್ನು ನಾವು ಪಕ್ಕದ ಎಲ್‌ಇಡಿ ಪರದೆಯ ಮೇಲೆ ನೋಡಿದೆವು. ‘ಸರ್, ತಾಳಿ ಅಲ್ಲೇ ಹಿಡಿದಿರಿ, ಸ್ವಲ್ಪ ನಗಿ, ಇನ್ನೊಂದು’ ಎಂಬ ಆಜ್ಞೆಗೆ ಪುರೋಹಿತರೂ ಮಂತ್ರ ನಿಲ್ಲಿಸಿ ಕಾದರು. ಮುಹೂರ್ತ ತಿರುಗಿ ಬರುವುದಿಲ್ಲವೆಂದ ಆ ಅಜ್ಜಿಯ ಮೊಮ್ಮಕ್ಕಳ ಕಾಲಕ್ಕೆ ಮುಹೂರ್ತವೇ ಕ್ಯಾಮೆರಾಕ್ಕಾಗಿ ಕಾಯುವಂತಾಯಿತು. ಮದುವೆಗೆ ಮೊದಲೇ ಸೈನೈಡ್ ಗುಡ್ಡದ ಬಿಳಿ ಇಳಿಜಾರಿನಲ್ಲಿ ವಧೂವರರು ಸಿನಿಮಾದವರಂತೆ ಓಡುವ ಚಿತ್ರೀಕರಣವೂ ಆಗಿತ್ತು. 2018ರಲ್ಲಿ ತೆರೆಕಂಡ ಸಿನಿಮಾ ಒಂದರಿಂದ ಊರಿನ ಹೆಸರು ಜಗತ್ತಿಗೆ ತಿಳಿದ ಮೇಲೆ ಆ ಗುಡ್ಡಗಳಿಗೆ ಬಂದ ಬೇಡಿಕೆ ಇದು. ಚಿನ್ನ ತೆಗೆದು ಬಿಸಾಡಿದ ವಿಷಮಿಶ್ರಿತ ಪುಡಿಯ ರಾಶಿಯೆಂಬುದು ಆ ವಿಡಿಯೊದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಜ್ಜ ಕೆಮ್ಮಿ ಸತ್ತದ್ದು ಆ ಬಂಡೆಯ ಧೂಳಿನಿಂದ ಎಂಬುದು ಮೊಮ್ಮಗನಿಗೆ ನೆನಪಾಗಿರಲಾರದು.

ಹೊಸತನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಂದಿನ ಯುವ ಛಾಯಾಗ್ರಾಹಕರ ತಾಂತ್ರಿಕ ನೈಪುಣ್ಯ ನಮಗಿರಲಿಲ್ಲ. ಬಣ್ಣದ ಶಾಮಿಯಾನದ ಕೆಳಗೆ ಎಲ್ಲರ ಮುಖವೂ ಕೆಂಪಗೆ ಬರುತ್ತಿದ್ದ ನಮ್ಮ ಕಾಲದ ಅವಸ್ಥೆಯನ್ನು ಅವರು ಕ್ಷಣದಲ್ಲಿ ಸರಿಪಡಿಸಬಲ್ಲರು. ದೀಪದ ಬೆಳಕಿನಲ್ಲೇ, ಫ್ಲ್ಯಾಷ್ ಇಲ್ಲದೆಯೇ ಅರುಂಧತಿ ತೋರಿಸುವುದನ್ನು ತೆಗೆಯಬಲ್ಲರು. 2020ರ ಕೋವಿಡ್ ಕಾಲದಲ್ಲಿ ಐವತ್ತು ಜನರಿಗಷ್ಟೇ ಮದುವೆಯಲ್ಲಿ ಅವಕಾಶವಿದ್ದಾಗ, ಮಗಳ ಮದುವೆಯನ್ನು ನೂರಾರು ಮೈಲಿ ದೂರದ ಬಂಧುಗಳಿಗೆ ತೋರಿಸಿದ್ದೂ ಇದೇ ಕ್ಯಾಮೆರಾ. ತೊಂದರೆ ಇರುವುದು ಯಂತ್ರದಲ್ಲಲ್ಲ, ಸಿದ್ಧ ಮಾದರಿಯಲ್ಲಿ. ಬೆಂಗಳೂರಿನ ಮದುವೆ, ಬಂಗಾರಪೇಟೆಯ ಮದುವೆ, ದೆಹಲಿಯ ಮದುವೆ ಎಲ್ಲಕ್ಕೂ ಒಂದೇ ಭಂಗಿ, ಒಂದೇ ಹಾಡು, ಒಂದೇ ಆಲ್ಬಮ್. ಆ ಮಾದರಿಗೆ ಹೊಂದದ ಶಾಸ್ತ್ರಗಳು ಮೆಲ್ಲನೆ ಜಾರಿ ಹೋಗುತ್ತವೆ. ಕುಂಬಾರರ ಮನೆಯಿಂದ ಐರಾಣಿ ಮಡಕೆಗಳನ್ನು ಹೊತ್ತು ತರುವ ಹೆಂಗಸರ ಮೆರವಣಿಗೆ, ಬೆಳಗಿನ ಜಾವದ ಸೋಬಾನೆ, ಹಾಲುಗಂಬ ನೆಡುವ ಸೋದರಮಾವ ಇವರಿಗೆ ಆಲ್ಬಮ್ಮಿನಲ್ಲಿ ಪುಟವಿಲ್ಲ. ಚಿತ್ರವಿಲ್ಲದ ಶಾಸ್ತ್ರ ಇಂದು ಬೇಡವಾದ ಶಾಸ್ತ್ರ; ಎರಡು ಮದುವೆಗಳಲ್ಲಿ ಬಿಟ್ಟರೆ ಮೂರನೆಯದಕ್ಕೆ ಅದನ್ನು ಬಲ್ಲವರೇ ಇರುವುದಿಲ್ಲ.

ಚೌಕಟ್ಟಿನಿಂದ ಹೊರಗುಳಿಯುವ ಮನುಷ್ಯರ ವಿಷಯ ಇನ್ನೂ ಗಂಭೀರ. ನಮ್ಮ ಹಳೆಯ ಆಲ್ಬಮ್‌ಗಳು ಈ ದೋಷದಿಂದ ಮುಕ್ತವಲ್ಲ. ಗಂಡನನ್ನು ಕಳೆದುಕೊಂಡ ತಾಯಿ ಮಗಳ ಮದುವೆಯ ಚಿತ್ರದಲ್ಲಿ ಕಂಬದ ಮರೆಯಲ್ಲಿರುತ್ತಿದ್ದಳು. ತಮಟೆ ಬಾರಿಸಿದವರು, ಎಲೆ ಎತ್ತಿದವರು, ಇಡೀ ರಾತ್ರಿ ಒಲೆಯ ಮುಂದೆ ಬೆಂದವರು ಯಾವ ಪುಟದಲ್ಲಿಯೂ ಇಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಇದೇ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು. ಅವರ ಕೇರಿಯ ಜನರ ಬಾಳು ಹೇಗಿತ್ತೆಂದು ನಮ್ಮ ಸ್ಟುಡಿಯೊದ ಸಾವಿರಾರು ನೆಗೆಟಿವ್‌ಗಳಲ್ಲಿ ಹುಡುಕಿದರೂ ಸಿಗಲಾರದು. ಕ್ಯಾಮೆರಾ ಕರೆದಲ್ಲಿಗೆ ಮಾತ್ರ ಹೋಗುತ್ತಿತ್ತು. ಕರೆಯಲು ಹಣ ಬೇಕಾಗಿತ್ತು. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ದೊಡ್ಡ ಛಾಯಾಗ್ರಾಹಕರು ಸಾಮಾನ್ಯರ ಮುಖಗಳನ್ನು ಹುಡುಕಿಕೊಂಡು ಹೋದರು. ಊರೂರಿನ ಸ್ಟುಡಿಯೊದವರು ಅಷ್ಟು ದೂರ ಹೋಗಬೇಕಿಲ್ಲ. ಮದುವೆ ಮನೆಯ ಹಿತ್ತಲಿಗೆ ಒಮ್ಮೆ ಹೋಗಿ ಬಂದರೂ ಸಾಕು.

ತೆಗೆಯಬೇಕಾದ ಚಿತ್ರಗಳಿರುವಂತೆ ತೆಗೆಯಬಾರದ ಚಿತ್ರಗಳೂ ಇವೆ. ಮದುಮಗಳ ಮುಖವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವನು ಛಾಯಾಗ್ರಾಹಕ. ಅವಳಿಗೆ ಹದಿನೆಂಟು ತುಂಬಿಲ್ಲ ಎಂಬುದು ಮಸೂರಕ್ಕೆ ಮೊದಲು ತಿಳಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಂಥ ಮದುವೆಯನ್ನು ನಡೆಸುವವರೂ ಉತ್ತೇಜಿಸುವವರೂ ಶಿಕ್ಷಾರ್ಹರು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿದೆ. ಮುಂಗಡ ಪಡೆಯುವ ಮುನ್ನ ವಧುವಿನ ವಯಸ್ಸು ಕೇಳುವುದು, ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡುವುದು ವೃತ್ತಿಗೆ ಕುಂದಲ್ಲ. ನಾನು ಈ ವೃತ್ತಿಯಲ್ಲಿದ್ದ ಏಳೆಂಟು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. ಕೆಲವು ಚಿತ್ರಗಳು ಇಂದಿಗೂ ಕಣ್ಣ ಮುಂದೆ ಬರುತ್ತವೆ. ಬೆಳಕು, ಸಂಯೋಜನೆ ಎಲ್ಲ ಚೆನ್ನಾಗಿಯೇ ಇದ್ದ ಚಿತ್ರಗಳು.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲನೆಯದಾಗಿ, ಮದುವೆ ಮನೆಯವರು ಛಾಯಾಗ್ರಾಹಕರನ್ನು ಬೆಲೆಪಟ್ಟಿ ನೋಡಿ ಗೊತ್ತು ಮಾಡಿದರೆ ಸಾಲದು. ಮದುವೆಗೆ ವಾರ ಮೊದಲು ಅವರನ್ನು ಮನೆಗೆ ಕರೆದು, ಹಿರಿಯ ಹೆಂಗಸೊಬ್ಬರ ಪಕ್ಕ ಕೂರಿಸಿ, ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಅದರಲ್ಲಿ ಮುಖ್ಯರು ಯಾರು ಎಂಬುದನ್ನು ಹೇಳಿಸಬೇಕು. ಮುಹೂರ್ತದ ಹತ್ತು ನಿಮಿಷ ವೇದಿಕೆಯ ಮೇಲೆ ಒಬ್ಬರೇ ಇರಲಿ, ಉಳಿದವರು ಕೆಳಗಿರಲಿ ಎಂದು ನಿಯಮ ಮಾಡಿದರೆ ಅತಿಥಿಗಳೂ ಹರಸಿಯಾರು. ಎರಡನೆಯದಾಗಿ, ಮನೆಯಲ್ಲಿರುವ ಹಳೆಯ ಚಿತ್ರಗಳ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಬೇಕು. ಶಾಯಿ ಮುಂದಕ್ಕೆ ಇಳಿಯುತ್ತದೆ. ಅಂಟು ಹಾಳೆಯ ಆಲ್ಬಮ್‌ಗಳಿಂದ ಚಿತ್ರಗಳನ್ನು ಬಿಡಿಸಿ ಒಣ ಜಾಗದಲ್ಲಿ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಇಡಬೇಕು. ಹೆಸರು ಬಲ್ಲ ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು. ಆಕೆ ಹೋದ ಮೇಲೆ ಆ ಮುಖಗಳು ಬರೀ ಮುಖಗಳು.

ಮೂರನೆಯದು ಸಾರ್ವಜನಿಕರ ಕೆಲಸ. ಕೆಜಿಎಫ್ ಮತ್ತು ಬಂಗಾರಪೇಟೆಯ ಹಳೆಯ ಸ್ಟುಡಿಯೊಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಾನು ಕೆಲಸ ಮಾಡಿದ ಸ್ಟುಡಿಯೊ ಮುಚ್ಚಿದಾಗ ನಾಲ್ಕು ದಶಕಗಳ ನೆಗೆಟಿವ್‌ಗಳು ಗೋಣಿಚೀಲಗಳಲ್ಲಿ ಗುಜರಿಗೆ ಹೋದವು. ಅವುಗಳಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಕರಗಿಸುವವರು ಕೊಂಡರು. ಚಿನ್ನದ ಊರಿನ ನೆನಪು ಬೆಳ್ಳಿಯ ಬೆಲೆಗೆ ಮಾರಾಟವಾಯಿತು. ಜಿಲ್ಲೆಯ ಒಂದು ಕಾಲೇಜು, ಒಂದು ಗ್ರಂಥಾಲಯ, ಕೆಲವು ವಿದ್ಯಾರ್ಥಿಗಳು, ಒಂದು ಸ್ಕ್ಯಾನರ್ ಇದ್ದರೆ ಉಳಿದ ಸ್ಟುಡಿಯೊಗಳ ಸಂಗ್ರಹವನ್ನಾದರೂ ಉಳಿಸಿಕೊಳ್ಳಬಹುದು. ಸಂಬಂಧಪಟ್ಟ ಕುಟುಂಬಗಳ ಒಪ್ಪಿಗೆ ಪಡೆದು, ಹೆಸರು ಊರುಗಳೊಂದಿಗೆ ಅವನ್ನು ಜೋಡಿಸಿಟ್ಟರೆ ಅದಕ್ಕಿಂತ ಉತ್ತಮವಾದ ಗಣಿ ವಸ್ತುಸಂಗ್ರಹಾಲಯ ಬೇರೊಂದಿಲ್ಲ. ಇದೇ ಜಿಲ್ಲೆಯ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ತಾವು ಕಂಡ ಮನುಷ್ಯರ ಕುರಿತ ಬರಹಗಳ ಮಾಲೆಗೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟರು. ಅಂಥ ಚಿತ್ರಶಾಲೆ ನಮ್ಮ ಊರಿಗೆ ಅಕ್ಷರಶಃ ಬೇಕಾಗಿದೆ.

ಕೊನೆಗೆ ಆ 1994ರ ಮದುವೆಯ ಮಾತು. ಆಲ್ಬಮ್ ಸಿದ್ಧಪಡಿಸುವಾಗ ನಮ್ಮ ಯಜಮಾನರು ಜೀರಿಗೆ ಬೆಲ್ಲದ ಚಿತ್ರ ಇರಬೇಕಾಗಿದ್ದ ಪುಟವನ್ನು ಖಾಲಿ ಬಿಟ್ಟರು. ಬೇರೆ ಯಾವುದಾದರೂ ಚಿತ್ರ ಅಂಟಿಸೋಣವೆಂದರೆ ಒಪ್ಪಲಿಲ್ಲ. ಆ ಪುಟದ ಹಣವನ್ನು ನನ್ನ ಸಂಬಳದಿಂದ ಮುರಿದುಕೊಂಡರು. ಕೆಲವು ವರ್ಷಗಳ ಹಿಂದೆ ಬಂಗಾರಪೇಟೆ ನಿಲ್ದಾಣದಲ್ಲಿ ಆ ಮದುಮಗಳು, ಈಗ ನಡುವಯಸ್ಸಿನ ಗೃಹಿಣಿ, ನನ್ನ ಗುರುತು ಹಿಡಿದು ಮಾತನಾಡಿಸಿದರು. ಅವರ ಅಜ್ಜಿ ತೀರಿಕೊಂಡು ಬಹುಕಾಲವಾಗಿತ್ತು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕು ಹೇಳಿದರು: ‘ಆಲ್ಬಮ್ ನೋಡುವಾಗ ನನ್ನ ಮಗಳು ಆ ಖಾಲಿ ಪುಟದಲ್ಲೇ ನಿಲ್ಲಿಸಿ, ಇಲ್ಲಿ ಏನಾಯಿತು ಎಂದು ಕೇಳುತ್ತಾಳೆ. ಅಜ್ಜಿ ಹೇಳಿದ ಮಾತನ್ನು ಪ್ರತಿ ಸಲವೂ ಹೇಳುತ್ತೇನೆ. ಅಜ್ಜಿಯದು ಅದೊಂದೇ ನಮ್ಮಲ್ಲಿ ಉಳಿದಿರುವುದು. ಅವರ ಚಿತ್ರವನ್ನು ನೀವು ಒಂದೂ ತೆಗೆಯಲಿಲ್ಲ.’

ಅದು ನಿಜವಾಗಿತ್ತು. ಮೂರು ರೀಲು, ನೂರೆಂಟು ಚಿತ್ರ. ಆರತಿ ತಟ್ಟೆ ಹಿಡಿದು ಇಡೀ ದಿನ ಚಪ್ಪರದಲ್ಲಿ ಓಡಾಡಿದ ಆಕೆ ಅವುಗಳಲ್ಲಿ ಒಂದರಲ್ಲಿಯೂ ಇರಲಿಲ್ಲ.